ಮಗ್ಗಕ್ಕೊಬ್ಬ ಸದಸ್ಯ

ನನಗೆ ಚಹಾ ಬಂದ ಕಪ್ಪಿನ ಕಿವಿ ಮುರಿದಿತ್ತು.

ಇಳಕಲ್ಲಿನ ನಮ್ಮ ಓಣಿಯ ನೇಕಾರರು ಸೇರಿ ಕಟ್ಟಿಕೊಂಡ ಸಣ್ಣ ಸಂಘಕ್ಕೆ ನಿಯಮಾವಳಿ ಬರೆದುಕೊಡಲು ನಾನು ಕುಳಿತ ಮಧ್ಯಾಹ್ನದ ಮಾತಿದು. ಅಧ್ಯಕ್ಷನಿಗೂ ಅವನ ಪಕ್ಕದಲ್ಲಿದ್ದ ಹಿರಿಯ ನೇಕಾರನಿಗೂ ಹೂವಿನ ಚಿತ್ರದ ಕಪ್ಪುಗಳು ಬಂದವು. ಕಿವಿ ಮುರಿದು, ಅಂಚಿನಲ್ಲಿ ಕೂದಲೆಳೆಯ ಬಿರುಕು ಬಿಟ್ಟ ಮೂರನೆಯದು ನನ್ನ ಪಾಲಿಗೆ ಬಂತು. ಅದನ್ನು ಎರಡು ಬೆರಳುಗಳ ನಡುವೆ ಹಿಡಿದು, ಬೆರಳು ಸುಟ್ಟುಕೊಂಡು ಕುಡಿದೆ. ಏಳು ವರ್ಷಗಳಾದರೂ ಆ ಬಿರುಕು ಯಾವ ಬದಿಗಿತ್ತೆಂದು ಹೇಳಬಲ್ಲೆ. ಮರೆಯುವುದು ನನ್ನ ಸ್ವಭಾವದಲ್ಲಿಲ್ಲ.

ಮೂವತ್ತಮೂರು ವರ್ಷ ಬಾದಾಮಿ ಮತ್ತು ಹುನಗುಂದದ ಹೈಸ್ಕೂಲುಗಳಲ್ಲಿ ಸಮಾಜ ವಿಜ್ಞಾನ ಕಲಿಸಿ ನಿವೃತ್ತಳಾದವಳು ನಾನು. ಸಂವಿಧಾನ ರಚನೆಯ ಪಾಠ ಬಂದಾಗ ಪುಸ್ತಕ ಮುಚ್ಚಿಟ್ಟು ಕಲಿಸುತ್ತಿದ್ದೆ. ಎರಡು ವರ್ಷ, ಹನ್ನೊಂದು ತಿಂಗಳು, ಹದಿನೆಂಟು ದಿನ. ಈ ಅವಧಿಯನ್ನು ಇಡೀ ತರಗತಿಯಿಂದ ಒಕ್ಕೊರಲಿನಲ್ಲಿ ಹೇಳಿಸುತ್ತಿದ್ದೆ. ದೇಶ ಒಡೆದು, ನಿರಾಶ್ರಿತರು ರೈಲು ತುಂಬಿ ಬರುತ್ತಿದ್ದ ದಿನಗಳಲ್ಲಿಯೂ ಆ ಸಭೆ ಕುಳಿತು ಒಂದೊಂದು ವಿಧಿಯನ್ನೂ ಎತ್ತಿ, ತಿರುವಿ, ಸಾವಿರಾರು ತಿದ್ದುಪಡಿಗಳನ್ನು ಮುಂದಿಟ್ಟು ವಾದಿಸಿತು. ಅವಸರ ಮಾಡಲು ಅವರಿಗೆ ಬೇಕಾದಷ್ಟು ಕಾರಣಗಳಿದ್ದವು, ಆದರೂ ಮಾಡಲಿಲ್ಲ ಎಂದು ಮಕ್ಕಳಿಗೆ ಹೇಳುತ್ತಿದ್ದೆ. ಹೀಗೆ ಹೇಳುತ್ತ ಬಂದ ನಾನು ಇಪ್ಪತ್ತು ಮಗ್ಗಗಳ ಒಂದು ಸಂಘದ ನಿಯಮಗಳನ್ನು ಒಂದೇ ಮಧ್ಯಾಹ್ನದಲ್ಲಿ ಬರೆದು ಮುಗಿಸಿದೆ.

ಅಧ್ಯಕ್ಷ ನನ್ನ ಕೈಯಲ್ಲೇ ಕಲಿತವನು. ಹುನಗುಂದದಲ್ಲಿ ಎಂಟನೆಯ ತರಗತಿಯಲ್ಲಿದ್ದಾಗ, ಸಂವಿಧಾನವನ್ನು ರಚಿಸಿದವರು ಯಾರು ಎಂಬ ಪ್ರಶ್ನೆಗೆ ‘ತಹಶೀಲ್ದಾರರು’ ಎಂದು ಬರೆದಿದ್ದ. ನಿಯಮಾವಳಿ ಬರೆದ ದಿನ ಅವನು ಹೇಳುತ್ತ ಹೋದ. ನಾನು ಬರೆಯುತ್ತ ಹೋದೆ. ನಾಲ್ಕನೆಯ ನಿಯಮಕ್ಕೆ ಬಂದಾಗ, “ಮಗ್ಗಕ್ಕ ಒಬ್ಬ ಮೆಂಬರ. ಅಂವ ತೀರಿಕೊಂಡ್ರ ಮಗ್ಗ ಮಗನಿಗೆ. ಮಗಾ ಇಲ್ಲಂದ್ರ ನೇಗಿ ಬಲ್ಲಂಥಾ ಹತ್ತರದ ಗಂಡಸಿಗೆ,” ಎಂದ.

ನನ್ನ ಪೆನ್ನು ನಿಂತದ್ದನ್ನು ಹಿರಿಯ ನೇಕಾರ ಕಂಡ.

“ಯಾಕ ನಿಂತ್ರಿ ಅಕ್ಕೋರ? ನಿಮ್ಮ ಅಕ್ಷರ ಚಂದ ಅದಾವಂತ ಕರದೇವಿ. ಹೇಳಿದ್ದಷ್ಟ ಬರೀರಿ.”

ನಮ್ಮ ಕಡೆ ಶಾಲೆ ಕಲಿಸುವ ಹೆಂಗಸನ್ನು ಅಕ್ಕೋರು ಎನ್ನುತ್ತಾರೆ. ಮರ್ಯಾದೆಯ ಆ ಸಂಬೋಧನೆಯ ಹಿಂದೆಯೇ ಆ ಮಾತು ಬಂತು. ನನ್ನ ಮುಖ ಬಿಸಿಯಾಯಿತು. ಬರೆದೆ.

ಖಾಲಿ ಕಪ್ಪುಗಳನ್ನು ಒಯ್ಯಲು, ಚಹಾ ತಂದಿದ್ದ ಹೆಂಗಸು ಮತ್ತೆ ಬಂದಳು. ಆಕೆ ನನ್ನ ಎದುರು ಮನೆಯವಳು, ಸಂಘದ ಸದಸ್ಯನೊಬ್ಬನ ಹೆಂಡತಿ. ಸೀರೆಗೆ ಕೊಂಡಿ ಹಾಕುವುದರಲ್ಲಿ ಓಣಿಗೇ ಹೆಸರಾದವಳು. ಇಳಕಲ್ ಸೀರೆಯ ಒಡಲಿನ ಹಾಸು, ಅಂದರೆ ಉದ್ದಕ್ಕೆ ಹೂಡುವ ಎಳೆಗಳು, ಬೇರೆ, ಕೆಂಪು ಸೆರಗಿನ ಹಾಸು ಬೇರೆ. ಒಂದು ಸೀರೆಗೆ ಒಂದು ಹಾಸು ಹೂಡಿ, ಒಡಲಿನ ಎಳೆಗೆ ಸೆರಗಿನ ಎಳೆಯನ್ನು ಒಂದೊಂದಾಗಿ ಸಿಕ್ಕಿಸಿ ಕೂಡಿಸಿದರೇನೇ ಮಗ್ಗ ನಡೆಯುವುದು. ಹಾಗೆ ಸಿಕ್ಕಿಸುವುದೇ ಕೊಂಡಿ. ನಮ್ಮ ಓಣಿಯಲ್ಲಿ ಅದು ಹೆಂಗಸರ ಕೆಲಸ.

ಕಪ್ಪು ಎತ್ತಿಕೊಳ್ಳುತ್ತ ಆಕೆ ಮೆಲ್ಲನೆ ಕೇಳಿದಳು: “ಅಕ್ಕೋರ, ಕೊಂಡಿ ಹಾಕೋರದೂ ಅದರಾಗ ಬರದೀರೇನ್ರಿ?”

“ನನಗ ಹೇಳಿದ್ದಷ್ಟ ಬರಿಯೂ ಕೆಲಸ ಕೊಟ್ಟಾರವ್ವಾ,” ಎಂದೆ. ಮುರಿದ ಕಪ್ಪಿನ ಸಿಟ್ಟು ಆ ದನಿಯಲ್ಲಿತ್ತು. ಆಕೆ ತಲೆಯಾಡಿಸಿ ಹೋದಳು.

ಒಂಬತ್ತನೆಯ ನಿಯಮವೊಂದನ್ನು ಮಾತ್ರ ನಾನು ಹಟ ಹಿಡಿದು ಸೇರಿಸಿದೆ. ದೇಶದ ಸಂವಿಧಾನವನ್ನು ಬರೆದವರು, ತಾವು ಬರೆದದ್ದನ್ನು ಮುಂದಿನವರು ಹೇಗೆ ತಿದ್ದಬೇಕೆಂಬುದನ್ನೂ ಅದರೊಳಗೇ ಬರೆದಿಟ್ಟರು. ಹಾಜರಿದ್ದು ಮತ ಹಾಕುವವರಲ್ಲಿ ಮೂರರಲ್ಲಿ ಎರಡು ಪಾಲು ಒಪ್ಪಬೇಕೆಂದು ಗೊತ್ತು ಮಾಡಿದರು. ಅದನ್ನೇ ಮನಸ್ಸಿನಲ್ಲಿಟ್ಟುಕೊಂಡು ಹೀಗೆ ಬರೆದೆ: ‘ತಿದ್ದುಪಡಿಯ ಸೂಚನೆಯು ಒಬ್ಬ ಸದಸ್ಯನ ಸಹಿಯೊಂದಿಗೆ ಸಭೆಗೆ ಏಳು ದಿನ ಮೊದಲು, ಸಂಜೆ ಆರರೊಳಗೆ, ಕಚೇರಿಗೆ ತಲುಪತಕ್ಕದ್ದು. ಮತದ ಹೊತ್ತಿಗೆ ಸಭೆಯೊಳಗೆ ಹಾಜರಿದ್ದ ಸದಸ್ಯರಲ್ಲಿ ಮೂರರಲ್ಲಿ ಎರಡು ಪಾಲು ಒಪ್ಪಿದರೆ ನಿಯಮ ತಿದ್ದತಕ್ಕದ್ದು.’

ಅದನ್ನು ಸಭೆಯಲ್ಲಿ ಓದಿದಾಗ ಅಧ್ಯಕ್ಷ ನಕ್ಕ. “ಬರದದ್ದನ್ನ ತಿದ್ದಾಕೂ ಬರದಿಡ್ತೀರೇನ್ರಿ ಅಕ್ಕೋರ? ಮದಿವಿ ದಿನಾನ ಸೋಡಚೀಟಿ ಬರದಂಗ ಆತು!” ವಿಚ್ಛೇದನದ ಆ ಹೋಲಿಕೆಗೆ ಎಲ್ಲರೂ ಚಪ್ಪಾಳೆ ತಟ್ಟಿ ನಕ್ಕರು. ನಿಯಮಾವಳಿ ಅಂಗೀಕಾರವಾಯಿತು. ವಂದನಾರ್ಪಣೆಯಲ್ಲಿ ಶಾಮಿಯಾನ ಹಾಕಿದವನ ಹೆಸರೂ ಬಂತು, ನನ್ನದು ಬರಲಿಲ್ಲ. ಮರುತಿಂಗಳಿನಿಂದ ಪ್ರತಿ ಸಭೆಯ ನಡಾವಳಿ ಬರೆಯುವ ಕೆಲಸವನ್ನು ಮಾತ್ರ ನನಗೇ ಕಟ್ಟಿದರು. ಮಗ್ಗವಿಲ್ಲದ ನನಗೆ ಸದಸ್ಯತ್ವವಿಲ್ಲ. ಹೀಗಾಗಿ ಸಭೆಯಲ್ಲಿ ಕೂಡಬಹುದು, ಬರೆಯಬಹುದು, ಮಾತಾಡುವಂತಿಲ್ಲ.

ಮುಂದಿನ ವರ್ಷಗಳಲ್ಲಿ ಎದುರು ಮನೆಯಾತನ ಮೊಣಕಾಲು ಹೋದವು, ಆಮೇಲೆ ಉಸಿರೂ ಕೈಕೊಟ್ಟಿತು. ನಮ್ಮ ಓಣಿಯಲ್ಲಿರುವುದು ಕುಣಿ ಮಗ್ಗ. ನೆಲದಲ್ಲಿ ತೋಡಿದ ಕುಣಿಗೆ ಕಾಲು ಇಳಿಬಿಟ್ಟು ತುಳಿಯಬೇಕು. ಅವನಿಗೆ ಇಳಿಯಲಾಗದೆ ಆಕೆಯೇ ಇಳಿದಳು. ಮೂರು ವರ್ಷ, ಸಂಘದ ಇಪ್ಪತ್ತು ಮಗ್ಗಗಳೂ ಇರುವ ಶೆಡ್ಡಿನಲ್ಲಿ, ಹದಿನಾಲ್ಕನೆಯ ಮಗ್ಗದಲ್ಲಿ ಲಾಳಿ ಎಸೆದವಳು ಆಕೆ. ಸೀರೆ ಹೋದದ್ದು ಅವನ ಹೆಸರಿನಲ್ಲಿ. ಇದು ಶೆಡ್ಡಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಯಾರೂ ತಪ್ಪೆನ್ನಲಿಲ್ಲ, ಯಾರೂ ಬರೆದಿಡಲೂ ಇಲ್ಲ.

ಕಳೆದ ವರ್ಷ ಅವನು ತೀರಿಕೊಂಡ. ಒಬ್ಬಳೇ ಮಗಳು, ಹುನಗುಂದದ ಕಾಲೇಜಿಗೆ ದಿನಾ ಹೋಗಿ ಬರುವವಳು. ತಿಂಗಳು ಕಳೆದ ಮೇಲೆ ಒಂದು ಶನಿವಾರ ಸಂಜೆ ಆಕೆ ಒಂದು ಕಾಗದ ಹಿಡಿದು ನನ್ನ ಮನೆಗೆ ಬಂದಳು. ಮರುದಿನದ್ದನ್ನು ಬಿಟ್ಟು ಅದರ ಮುಂದಿನ ಭಾನುವಾರದ ಸಭೆಯಲ್ಲಿ ಹದಿನಾಲ್ಕನೆಯ ಮಗ್ಗವನ್ನು ಗಂಡನ ತಮ್ಮನಿಗೆ ವಹಿಸಿಕೊಡಲಾಗುವುದೆಂದೂ, ಅಷ್ಟರೊಳಗೆ ಆಕೆ ತನ್ನ ಹಾಸು ಇಳಿಸಿಕೊಳ್ಳಬೇಕೆಂದೂ ಸಂಘದ ನೋಟೀಸು. ಆ ಮೈದುನನಿಗೆ ಆಗಲೇ ತನ್ನದೊಂದು ಮಗ್ಗವಿತ್ತು. ಇದು ಅವನ ಮಗನಿಗೆ ಬೇಕಾಗಿತ್ತು.

“ಓದಾಕ ಬರತೈತ್ರಿ ನನಗ,” ಎಂದಳು. “ಓದಿಸಾಕ ತಂದಿಲ್ಲ. ಇದರ ಹಿಂದ ಒಂದು ಜೆರಾಕ್ಸ ಹಚ್ಯಾರ ನೋಡ್ರಿ. ಇದು ನಿಮ್ಮ ಅಕ್ಷರ ಅಲ್ಲೇನ್ರಿ?”

ನಾಲ್ಕನೆಯ ನಿಯಮ. ನನ್ನದೇ ಅಕ್ಷರ. ‘ಗಂಡಸಿಗೆ’ ಎಂಬಲ್ಲಿ ಪೆನ್ನು ನಿಂತು ಮತ್ತೆ ನಡೆದ ಕಡೆ ಒಂದು ಸಣ್ಣ ಮಸಿಯ ಚುಕ್ಕೆಯೂ ಜೆರಾಕ್ಸಿನಲ್ಲಿ ಬಂದಿತ್ತು.

“ಹೌದು,” ಎಂದೆ.

“ಮಗ್ಗಾ ಬಿಟ್ರ ನಾ ಮಂದಿ ಮನಿಯಾಗ ಕುಂತು ಕೊಂಡಿ ಹಾಕಬೇಕು. ಹಾಕ್ತೇನಿ. ಖರೆ, ಮೂರು ವರ್ಷ ಕುಣ್ಯಾಗ ಇಳದಾಕಿ ಯಾರು ಅಂತ ಒಂದರ ಕಡೆ ಬರದಿರಬೇಕಲ್ಲೇನ್ರಿ?”

ಅಳುತ್ತ ಬಂದಿದ್ದರೆ ಸಮಾಧಾನ ಹೇಳಿ ಕಳಿಸಬಹುದಿತ್ತು. ಆಕೆ ಅಳಲಿಲ್ಲ, ಉತ್ತರಕ್ಕೆ ಕಾದಳು.

ಒಂಬತ್ತನೆಯ ನಿಯಮ ನನಗೆ ಬಾಯಿಪಾಠವಿತ್ತು. ಸಭೆಗೆ ಏಳು ದಿನ ಮೊದಲೆಂದರೆ ಮರುದಿನ ಭಾನುವಾರ, ಸಂಜೆ ಆರು. ಒಬ್ಬ ಸದಸ್ಯನ ಸಹಿ ಬೇಕು. ಆಕೆ ಸದಸ್ಯಳಲ್ಲ, ನಾನೂ ಅಲ್ಲ. ಆ ಸಂಜೆಯೇ ಓಣಿಯ ಇಬ್ಬರನ್ನು ಕೇಳಿದೆ. ಒಬ್ಬ, “ಅಣತಮ್ಮರ ಮನಿ ಜಗಳದಾಗ ನಾ ಯಾಕ ಬರ್ಲೆವ್ವಾ,” ಎಂದ. ಇನ್ನೊಬ್ಬ ಮನೆಯೊಳಗಿದ್ದುಕೊಂಡೇ ಮನೆಯಲ್ಲಿಲ್ಲವೆಂದು ಹೇಳಿಸಿದ. ಅಧ್ಯಕ್ಷನಿಗೆ ಎದುರಾಗಿ ಸಹಿ ಮಾಡುವ ಎದೆ ಇದ್ದವನು ಒಬ್ಬನೇ: ನನಗೆ ‘ಹೇಳಿದ್ದಷ್ಟ ಬರೀರಿ’ ಎಂದ ಆ ಹಿರಿಯ ನೇಕಾರ. ಅವನೊಡನೆ ನಾನು ಮಾತು ಬಿಟ್ಟು ಏಳು ವರ್ಷಗಳಾಗಿದ್ದವು. ಅವನಾದರೋ ಮಗಳ ಬಾಣಂತನಕ್ಕೆಂದು ಹೆಂಡತಿಯೊಡನೆ ಬಾದಾಮಿ ಹತ್ತಿರದ ಚೊಳಚಗುಡ್ಡದಲ್ಲಿದ್ದ.

ಬೆಳಿಗ್ಗೆ ಮೊದಲ ಬಸ್ಸು ಹಿಡಿದೆ. ಹುನಗುಂದದಲ್ಲಿ ಇಳಿದು ಬಾದಾಮಿಯ ಬಸ್ಸಿಗೆ ಮುಕ್ಕಾಲು ಗಂಟೆ ಕಾದೆ. ತಿದ್ದುಪಡಿಯ ಕರಡು ಕೈಚೀಲದಲ್ಲಿತ್ತು. ರಾತ್ರಿ ಮೂರು ಸಲ ಬರೆದು ಹರಿದು, ನಾಲ್ಕನೆಯ ಸಲ ಉಳಿಸಿಕೊಂಡದ್ದು: ‘ಸದಸ್ಯರು ತೀರಿಕೊಂಡರೆ ಆ ಮಗ್ಗವು, ಅದರಲ್ಲಿ ದುಡಿಯುತ್ತ ಬಂದ ಅವರ ಮನೆಯವರಿಗೆ, ಗಂಡಾಗಲಿ ಹೆಣ್ಣಾಗಲಿ, ಸಲ್ಲತಕ್ಕದ್ದು.’

ಬಾದಾಮಿಯಲ್ಲಿ ಇಳಿದಾಗ ಬಿಸಿಲು ಗುಡ್ಡದ ಕೆಂಪು ಬಂಡೆಗಳಿಗೆ ಹತ್ತಿತ್ತು. ನಾನು ಹುಟ್ಟಿ ಬೆಳೆದ ಊರದು. ಚೊಳಚಗುಡ್ಡದ ಟೆಂಪೋ ತುಂಬುವವರೆಗೆ ಕಾಯುವಾಗ, ನಮ್ಮ ಹಳೆಯ ಮನೆಯ ಓಣಿಯ ಬಾಯಿ ಕಣ್ಣೆದುರಿಗೇ ಇತ್ತು. ನಮ್ಮವ್ವ ಸಾಯುವವರೆಗೂ ಹೇಳುತ್ತಿದ್ದ ಸಂಗತಿಯೊಂದು ನಡೆದದ್ದು ಅಲ್ಲಿಯೇ.

ದೇಶದ ಸಂವಿಧಾನವನ್ನು ಇನ್ನೂ ಬರೆಯುತ್ತಿರುವಾಗಲೇ ಮತದಾರರ ಪಟ್ಟಿ ಮಾಡುವ ಕೆಲಸ ಶುರುವಾಗಿತ್ತು. ಗಂಡಸು, ಹೆಂಗಸು, ಓದಿದವರು, ಓದದವರು, ವಯಸ್ಸಿಗೆ ಬಂದ ಎಲ್ಲರೂ ಪಟ್ಟಿಯಲ್ಲಿರಬೇಕು. ಹಾಗೆ ಬರೆಯುವವನು ನಮ್ಮ ಮನೆಗೂ ಬಂದ. ಅವ್ವ ಹೊಸ ಸೊಸೆ. ಬಾಗಿಲ ಮರೆಯಲ್ಲಿ ನಿಂತಿದ್ದಳು. ಹೆಸರೇನೆಂದು ಅವನು ಕೇಳಿದ. ಪರಗಂಡಸಿನ ಮುಂದೆ ತನ್ನ ಹೆಸರು ಹೇಳುವ ರೂಢಿ ಇರಲಿಲ್ಲ, ಗಂಡನ ಹೆಸರಂತೂ ಬಾಯಿಗೆ ತರುವಂತಿರಲಿಲ್ಲ. ಕಟ್ಟೆಯ ಮೇಲಿದ್ದ ನನ್ನ ಅಜ್ಜ, “ಹೆಂಗಸರ ಹೆಸರು ತಗೊಂಡು ಏನ ಮಾಡ್ತೀರಿ? ನನ್ನ ಸೊಸಿ ಅಂತ ಬರಕೊಳ್ರಿ,” ಎಂದ. ಬರೆದುಕೊಂಡ. ದೇಶದಲ್ಲಿ ಹಾಗೆ ಇಂಥವರ ಹೆಂಡತಿ, ಇಂಥವರ ತಾಯಿ ಎಂದು ಬರೆಸಿದ ಹೆಂಗಸರು ಲಕ್ಷಗಟ್ಟಲೆ. ಹೆಸರು ಹೇಳದವರನ್ನು ಕಡೆಗೆ ಪಟ್ಟಿಯಿಂದ ತೆಗೆಯಬೇಕಾಯಿತು. ಮೊದಲ ಚುನಾವಣೆಯ ದಿನ ಅತ್ತೆ ಮನೆಯ ಗಂಡಸರೆಲ್ಲ ಬೆರಳಿಗೆ ಮಸಿ ಹಚ್ಚಿಸಿಕೊಂಡು ಬಂದರು, ಅವ್ವ ರೊಟ್ಟಿ ಬಡಿಯುತ್ತಿದ್ದಳು. “ಹಕ್ಕು ಮನಿ ಬಾಗಲಿಗೆ ಬಂದಿತ್ತವ್ವಾ, ನಾ ಮಾರಿ ತೋರಸಲಿಲ್ಲ,” ಎನ್ನುತ್ತಿದ್ದಳು. ಅಜ್ಜನ ಮೇಲಿನ ಸಿಟ್ಟನ್ನು ಆಕೆ ಬಿಡಲಿಲ್ಲ. ಪಟ್ಟಿಯವನ ಮೇಲೂ ಅವಳಿಗೆ ಸಿಟ್ಟಿತ್ತು, ಅವನು ಇನ್ನೊಂದು ಸಲ ಕೇಳಲಿಲ್ಲವೆಂದು. ನಾನು ಇದನ್ನು ಪ್ರತಿ ವರ್ಷ ತರಗತಿಯಲ್ಲಿ ಹೇಳಿದ್ದೇನೆ, ಅಜ್ಜನನ್ನು ಬೈದಿದ್ದೇನೆ. ಟೆಂಪೋದ ಮೂಲೆಯಲ್ಲಿ ಕುಳಿತು ಹೊರಟಾಗ ಮೊದಲ ಸಲ ಅಜ್ಜನ ಬದಲು ಆ ಪಟ್ಟಿಯವನು ನೆನಪಿಗೆ ಬಂದ. ಅವನೂ ಹೇಳಿದ್ದನ್ನಷ್ಟೇ ಬರೆದುಕೊಂಡಿದ್ದ.

ಹಿರಿಯ ನೇಕಾರ ಮಗಳ ಮನೆಯ ಪಡಸಾಲೆಯಲ್ಲಿ ಅಡಿಕೆ ಕತ್ತರಿಸುತ್ತ ಕುಳಿತಿದ್ದ. ಅವನ ಹೆಂಡತಿ ತೊಟ್ಟಿಲು ತೂಗುತ್ತಿದ್ದಳು.

“ಅಯ್ಯಯ್ಯ, ಅಕ್ಕೋರು! ದಾರಿ ತಪ್ಪಿ ಬಂದ್ರೇನ್ರಿ?”

“ದಾರಿ ಕೇಳಕೋತ ಬಂದೇನಿ. ನಿಮ್ಮದೊಂದು ಸಹಿ ಬೇಕಾಗೈತಿ.”

“ಆರು ವರ್ಷ ಆತು, ಎದುರಿಗೆ ಬಂದ್ರ ಮಾರಿ ಹೊಳ್ಳಸ್ತಿದ್ರಿ. ಇವತ್ತ ಸಹಿಗೆ ನಾ ಬೇಕಾದ್ನಿ.”

“ಆರಲ್ಲ, ಏಳು,” ಎಂದೆ.

ಅವನು ಗೊಳ್ಳನೆ ನಕ್ಕು ಕಾಗದ ತೆಗೆದುಕೊಂಡ. ಕನ್ನಡಕ ಹುಡುಕಿ, ಒರೆಸಿ, ಎರಡು ಸಲ ಓದಿದ. ಗೋಡೆಯ ಗಡಿಯಾರದಲ್ಲಿ ಹನ್ನೆರಡೂವರೆ. ಒಂದೂಕಾಲಿಗೆ ಬಾದಾಮಿಯಿಂದ ಬಸ್ಸು ತಪ್ಪಿದರೆ ಆರರೊಳಗೆ ಇಳಕಲ್ ಮುಟ್ಟುವುದು ಸುಳ್ಳು.

“ಹೆಣ್ಣಮಕ್ಕಳಿಗೆ ನಮ್ಮಾಗ ಏನ ಕಡಿಮಿ ಮಾಡೇವ್ರಿ?” ಎಂದ. “ಶರಣರು ಆವಾಗನ ಸರಿಸಮ ಕುಂದರಿಸ್ಯಾರ. ವರ್ಷಾ ವರ್ಷಾ ಕೂಡಲಸಂಗಮಕ್ಕ ಹೋಗಿ ಬರ್ತೇನಿ ನಾ. ನನಗ ಹೇಳಾಕ ಬರಬ್ಯಾಡ್ರಿ.”

ತೊಟ್ಟಿಲ ಕಡೆಯಿಂದ ಹೆಂಡತಿ, “ಹೋಗಿ ಬರ್ತೀರಿ, ಖರೆ. ಬಂದ ಮ್ಯಾಲ ಕೊಂಡಿ ಯಾರ ಹಾಕ್ತಾರ?” ಎಂದಳು.

“ನೀ ಸುಮ್ಮನ ತೊಟ್ಟಲಾ ತೂಗು.”

“ತೂಗಾಕ ಹತ್ತೇನಲ್ಲ. ನಮಗೂ ಎರಡೂ ಹೆಣ್ಣ. ನಾಳಿಗೆ ನಿಮಗೇನರ ಹೆಚ್ಚುಕಡಿಮಿ ಆದ್ರ ನಿಮ್ಮ ಮಗ್ಗಾ ಯಾರಿಗಿ ಹೋಗತೈತಿ? ನಿಮ್ಮ ಅಣ್ಣನ ಮಗನಿಗಿ. ಆ ಕುಡುಕಗ! ನಾ ಆಂವನ ಸೀರಿಗೆ ಕೊಂಡಿ ಹಾಕಕೋತ ಕುಂಡರಲೇನು?”

ಅಡಕೊತ್ತು ನಿಂತಿತು. ಆಮೇಲೆ ಅವನು ನನ್ನತ್ತ ತಿರುಗಿದ.

“ಅಕ್ಕೋರ, ಅವತ್ತ ನಾ ‘ಹೇಳಿದ್ದಷ್ಟ ಬರೀರಿ’ ಅಂದೆ. ಒಪ್ಪಗೋತೇನಿ. ಅದಕ್ಕ ಏಳು ವರ್ಷ ನೀವು ನನ್ನ ಕೂಡ ಮಾತು ಬಿಟ್ರಿ. ಆದ್ರ ಬರದವ್ರು ಯಾರ್ರಿ? ನಾನೇನು ನಿಮ್ಮ ಕೈ ಹಿಡದಿದ್ನೇನು? ಕಾನೂನು ತಿಳದವರು ನೀವು. ‘ಬರಿಯಂಗಿಲ್ಲ’ ಅಂತ ಎದ್ದು ನಿಂತಿದ್ರ ನಾವು ಏನ ಮಾಡ್ತಿದ್ವಿ? ತಹಶೀಲ್ದಾರನ್ನ ಕರಸ್ತಿದ್ವೇನು?”

ಪೆನ್ನು ತೆಗೆದು ಮುಂದೆ ಹಿಡಿದೆ. ಅವನು ಸಹಿ ಮಾಡಿದ.

ಬಾದಾಮಿಯ ಬಸ್ಸು ಸಿಕ್ಕಿತು, ಆದರೆ ಹಳ್ಳಿಹಳ್ಳಿಗೂ ನಿಂತು ಸಾಗಿತು. ಹುನಗುಂದದಲ್ಲಿ ಇಳಿದರೆ ಇಳಕಲ್ಲಿನ ಬಸ್ಸು ಗಾಲಿ ಪಂಕ್ಚರಾಗಿ ನಿಂತಿತ್ತು. ಐದು ಗಂಟೆ. ಐದೂಕಾಲು. ಕಡೆಗೆ ಮರೋಳದ ಕಡೆಯಿಂದ ಉಳ್ಳಾಗಡ್ಡಿ ತುಂಬಿಕೊಂಡು ಹೊರಟಿದ್ದ ಟೆಂಪೋದ ಮುಂದಿನ ಸೀಟಿನಲ್ಲಿ, ಚಾಲಕನಿಗೆ ‘ಜಲ್ದಿ ನಡಿ ತಮ್ಮಾ’ ಎಂದು ಹೇಳುತ್ತಲೇ ಬಂದೆ. ಸಂಘದ ಕಚೇರಿ ಮುಟ್ಟಿದಾಗ ಆರಕ್ಕೆ ಹತ್ತು ನಿಮಿಷ. ಅಧ್ಯಕ್ಷ ಬಾಗಿಲಿಗೆ ಕೀಲಿ ಹಾಕುತ್ತಿದ್ದ.

“ಇವತ್ತ ಭಾನುವಾರ ಅಕ್ಕೋರ. ನಾಳೆ ಕೊಡ್ರಿ.”

“ನಾಳೆ ತಗೊಂಡ್ರ ಆರು ದಿನ ಆಗತೈತಿ. ಕೀಲಿ ತಗಿ.”

ನಾನು ತರಗತಿಯ ದನಿಯಲ್ಲಿ ಹೇಳಿದ್ದೆನೆಂದು ಕಾಣುತ್ತದೆ, ಅವನು ತೆಗೆದ. ಕಾಗದದ ಮೇಲೆ ಸಂಘದ ಸಿಕ್ಕಾ ಒತ್ತಿಸಿ, ಅದರ ಪಕ್ಕದಲ್ಲಿ ವೇಳೆಯನ್ನೂ ಬರೆಸಿಕೊಂಡೆ.

“ಇಷ್ಟ್ಯಾಕ ಜೀವಾ ತಿಂತೀರ್ರಿ? ಹದಿಮೂರು ಕೈ ಏಳಬೇಕು. ಏಳಂಗಿಲ್ಲ,” ಎಂದ.

ಲೆಕ್ಕ ಸರಿಯಿತ್ತು. ಇಪ್ಪತ್ತು ಮಗ್ಗ, ಒಂದು ಖಾಲಿ, ಹತ್ತೊಂಬತ್ತು ಸದಸ್ಯರು. ಮೂರರಲ್ಲಿ ಎರಡು ಪಾಲೆಂದರೆ ಹದಿಮೂರು.

ಆ ವಾರ ನಾನು ಯಾರ ಮನೆಗೂ ಹೋಗಲಿಲ್ಲ. ಹೋದವರು, ಚೊಳಚಗುಡ್ಡದಿಂದ ಮರಳಿ ಬಂದ ಹಿರಿಯ ನೇಕಾರ ಮತ್ತು ಅವನ ಹೆಂಡತಿ. ಎದುರು ಮನೆಯಾಕೆ ಹಾಸು ಇಳಿಸಲಿಲ್ಲ. ದಿನವೂ ಹದಿನಾಲ್ಕನೆಯ ಮಗ್ಗದಲ್ಲಿ ಕುಳಿತಳು. ಅರ್ಧ ನೆಯ್ದ ಸೀರೆ ಭಾನುವಾರದ ಹೊತ್ತಿಗೆ ಸೆರಗಿನ ಹತ್ತಿರ ಬಂದಿತ್ತು.

ಸಭೆ ಶೆಡ್ಡಿನಲ್ಲಿಯೇ, ಮಗ್ಗಗಳ ನಡುವಿನ ಜಾಗದಲ್ಲಿ ಕೂಡಿತು. ಹತ್ತೊಂಬತ್ತು ಮಂದಿಯೂ ಬಂದು ಸಹಿ ಮಾಡಿದರು. ಬಾಗಿಲಲ್ಲಿ ಹೆಂಗಸರು ಬಂದು ನಿಂತರು, ಒಳಗೆ ಕಾಲಿಡಲಿಲ್ಲ. ಎದುರು ಮನೆಯಾಕೆ ಎಲ್ಲರಿಗಿಂತ ಹಿಂದೆ ನಿಂತಿದ್ದಳು, ಅವಳ ಪಕ್ಕದಲ್ಲಿ ಮೈದುನನ ಹೆಂಡತಿ. ಕೊಂಡಿ ಹಾಕುವುದನ್ನು ಆ ವಾರಗಿತ್ತಿಗೆ ಕಲಿಸಿದವಳು ಎದುರು ಮನೆಯಾಕೆಯೇ. ನಾನು ನಡಾವಳಿ ಪುಸ್ತಕ ತೆರೆದು ಕುಳಿತೆ.

ಹಿರಿಯ ನೇಕಾರ ಠರಾವು ಓದಿದ. ಅಧ್ಯಕ್ಷ ಎದ್ದು, “ಹೆಣ್ಣಮಕ್ಕಳ ಮ್ಯಾಲ ನಮಗೇನು ಸಿಟ್ಟಿಲ್ಲ. ಆದ್ರ ಒಮ್ಮೆ ಬರದ ರೂಲು ರೂಲು. ಇವತ್ತ ಒಬ್ಬಾಕಿಗಂತ ತಿದ್ದಿದ್ರ, ನಾಳೆ ಎಲ್ಲಾರ ಮನಿಯಾಗೂ ಅಣತಮ್ಮರ ಜಗಳ,” ಎಂದ.

“ಜಗಳ ತಿದ್ದಿದ್ರ ಬರಂಗಿಲ್ಲೋ, ಈ ರೂಲಿಂದನ ಈಗ ಬಂದೈತಿ ನೋಡು,” ಎಂದ ಹಿರಿಯ ನೇಕಾರ.

“ಮಗ್ಗಾ ನೇಯಾವ ಮೆಂಬರ. ಅದು ಮೂಲ.”

“ಹಂಗಾರ ಮೂರು ವರ್ಷ ನೇಯ್ದಾಕಿನ ಮೆಂಬರ ಮಾಡು. ನಿನ್ನ ಮಾತಿಲೇನ ಆತಲ್ಲ!”

ಹಿಂದಿನಿಂದ ಒಬ್ಬ ನಕ್ಕ. ಮೈದುನ ನಗಲಿಲ್ಲ. ಅವನು ತಲೆ ತಗ್ಗಿಸಿ, ಬೆರಳಿಗೆ ಸಿಕ್ಕಿದ ಒಂದು ನೂಲಿನ ತುಂಡನ್ನು ಸುತ್ತುತ್ತ, ಬಿಚ್ಚುತ್ತ ಕುಳಿತಿದ್ದ.

“ಸಾಕು. ಪರ ಇದ್ದವರು ಕೈ ಎತ್ರಿ,” ಎಂದ ಅಧ್ಯಕ್ಷ.

ಕೈಗಳು ಒಂದೊಂದಾಗಿ ಎದ್ದವು. ಆ ಹೊತ್ತಿಗೇ ಮೈದುನ ಎದ್ದು ನಿಂತ. ಕೈ ಎತ್ತಲಿಲ್ಲ. ಮಗ್ಗಗಳ ಸಾಲು ಬಳಸಿಕೊಂಡು, ಹದಿನಾಲ್ಕನೆಯದರ ಪಕ್ಕದಿಂದಲೇ ದಾಟಿ, ಹಿಂಬಾಗಿಲಿನಿಂದ ಹೊರಗೆ ಹೋದ. ಅಧ್ಯಕ್ಷ ಎಣಿಸುತ್ತಿದ್ದ.

“ಹನ್ನೆರಡು. ಹದಿಮೂರು ಬೇಕಿತ್ತು. ಠರಾವು ಬಿತ್ತು. ಬರಕೊಳ್ರಿ ಅಕ್ಕೋರ.”

ಬಾಗಿಲಲ್ಲಿ ನಿಂತವರಿಂದ ಒಂದು ಉಸಿರು ಕೇಳಿತು. ನನ್ನ ಪೆನ್ನು ಕಾಗದದ ಮೇಲಿತ್ತು. ಏಳು ವರ್ಷಗಳ ಹಿಂದಿನಂತೆಯೇ, ಹೇಳಿದ್ದನ್ನು ಬರೆಯಬೇಕಾದ ಹೊತ್ತು.

“ಬರೀತೇನಿ,” ಎಂದೆ. “ಮತದ ಹೊತ್ತಿಗೆ ಹಾಜರಿ ಎಷ್ಟಂತ ಬರೀಲಿ?”

“ಹತ್ತೊಂಬತ್ತು.”

“ಎಣಿಸಿ ಹೇಳು.”

“ಎಲ್ಲಾರೂ ಸಹಿ ಮಾಡ್ಯಾರಲ್ರಿ! ನಿಮಗ ಮಾತಾಡಾಕ ಹಕ್ಕಿಲ್ಲ ಇಲ್ಲೆ.”

“ನಾ ಮಾತಾಡಾಕ ಹತ್ತಿಲ್ಲ. ಬರಿಯಾಕ ಅಂಕಿ ಕೇಳಾಕ ಹತ್ತೇನಿ.”

ಹಿರಿಯ ನೇಕಾರ ಅಂಗಿಯ ಕಿಸೆಯಿಂದ ನಿಯಮಾವಳಿಯ ಜೆರಾಕ್ಸು ತೆಗೆದ. ಕನ್ನಡಕ ಏರಿಸಿ, ಒಂಬತ್ತನೆಯದನ್ನು ದೊಡ್ಡ ದನಿಯಲ್ಲಿ ಓದಿದ. ‘ಮತದ ಹೊತ್ತಿಗೆ ಸಭೆಯೊಳಗೆ ಹಾಜರಿದ್ದ’ ಎಂಬಲ್ಲಿ ನಿಂತು, ಇನ್ನೊಮ್ಮೆ ಓದಿದ. ಆಮೇಲೆ ಬೆರಳು ಚಾಚಿ ತಲೆಗಳನ್ನು ಎಣಿಸಿದ. ಹದಿನೆಂಟು. ಹದಿನೆಂಟರಲ್ಲಿ ಮೂರರಲ್ಲಿ ಎರಡು ಪಾಲೆಂದರೆ ಹನ್ನೆರಡು.

ಅಧ್ಯಕ್ಷನ ಮುಖ ಕೆಂಪಾಯಿತು. “ಆಂವ ಉಗಳಾಕ ಹೋಗ್ಯಾನ, ಅಷ್ಟ! ಕರೀರಿ ಅವನ್ನ!”

ಒಬ್ಬ ಹಿಂಬಾಗಿಲಿಗೆ ಹೋಗಿ ಕೂಗಿದ. ಮೈದುನ ಬೇವಿನ ಮರದ ಬುಡದಲ್ಲಿ, ನಮ್ಮತ್ತ ಬೆನ್ನು ಮಾಡಿ ನಿಂತದ್ದು ನನಗೆ ಕಾಣುತ್ತಿತ್ತು. ಎರಡನೆಯ ಸಲ ಕೂಗಿದಾಗ ತಿರುಗದೆಯೇ ಹೇಳಿದ:

“ನಾ ಬರಾಂಗಿಲ್ಲ. ನೀವು ಮುಗಸ್ರಿ.”

ಎತ್ತಿದ ಹನ್ನೆರಡು ಕೈಗಳಲ್ಲಿ ಕೆಲವು ಇನ್ನೂ ಇಳಿದಿರಲಿಲ್ಲ. ಅಧ್ಯಕ್ಷ ಕುರ್ಚಿಯಲ್ಲಿ ಕುಳಿತ, ನೀರು ಕುಡಿದ, ಆಮೇಲೆ, “ಬರಕೊಳ್ರಿ,” ಎಂದ. ಹಾಜರಿ ಹದಿನೆಂಟು, ಪರ ಹನ್ನೆರಡು, ಠರಾವು ಅಂಗೀಕಾರ ಎಂದು ಬರೆದು, ಅವನ ಸಹಿ ಹಾಕಿಸಿಕೊಂಡೆ. ನನ್ನ ಅಕ್ಷರ ಆ ಪುಟದಲ್ಲಿ ಚೆನ್ನಾಗಿ ಬಂದಿಲ್ಲ.

ಆ ಮನುಷ್ಯ ಲೆಕ್ಕ ತಿಳಿದು ಹೊರಗೆ ಹೋದನೋ, ಅತ್ತಿಗೆಯ ಎದುರು ಕೂಡಲಾರದೆ ಹೋದನೋ, ನಿಜಕ್ಕೂ ಉಗುಳಲೆಂದು ಹೋದವನು ಅಲ್ಲೇ ನಿಂತನೋ, ನನಗೆ ಗೊತ್ತಿಲ್ಲ. ಕೇಳಿಲ್ಲ. ಆ ಸಂಜೆ ಅವನ ಮನೆಯಿಂದ ಪಾತ್ರೆ ಎಸೆದ ಸದ್ದು ಬಂತೆಂದು ಓಣಿಯವರು ಹೇಳಿದರು. ಎಸೆದವರು ಯಾರೆಂದು ಮಾತ್ರ ಒಬ್ಬೊಬ್ಬರು ಒಂದೊಂದು ಹೇಳಿದರು.

ತಿದ್ದುಪಡಿಯ ಪ್ರತಿಯನ್ನು ರಿಜಿಸ್ಟ್ರಾರರ ಕಚೇರಿಗೆ ಸಲ್ಲಿಸಲು ಎದುರು ಮನೆಯಾಕೆಯೂ ನಾನೂ ಬಾಗಲಕೋಟೆಗೆ ಹೋಗಿಬಂದೆವು. ಬಂದ ಮರುದಿನ ಆಕೆ ಸದಸ್ಯರ ಪುಸ್ತಕದಲ್ಲಿ ಹೆಸರು ಬರೆಯಬೇಕಿತ್ತು. ಪೆನ್ನು ಹಿಡಿದು, ರೂಢಿಯಂತೆ ಗಂಡನ ಹೆಸರಿನ ಮೊದಲ ಅಕ್ಷರದ ಗೆರೆ ಎಳೆದಳು. ನಿಂತಳು. ಅದನ್ನು ಒಂದೇ ಗೆರೆಯಿಂದ ಹೊಡೆದುಹಾಕಿ, ಪಕ್ಕದಲ್ಲಿ ತನ್ನ ಹೆಸರು ಬರೆದಳು.

ಆ ದಿನ ಅವಳ ಮನೆಯಲ್ಲಿ ಚಹಾ ಕುಡಿಯುವಾಗ ನನ್ನ ಕೈಗೆ ಬಂದದ್ದು ಮತ್ತೆ ಅದೇ ಕಿವಿ ಮುರಿದ ಕಪ್ಪು. ಏಳು ವರ್ಷದ ಮಾತನ್ನು ಅಂದು ತಡೆಯಲಾಗಲಿಲ್ಲ.

“ಅವತ್ತೂ ನನಗ ಇದ ಕಪ್ಪ ಕೊಟ್ಟಿದ್ದಿ.”

“ಹೌದ್ರಿ,” ಎಂದಳು, ಆಶ್ಚರ್ಯದಿಂದ. “ನಮ್ಮನಿಯಾಗ ಛಲೋವು ಎರಡ ಇದ್ದುವು. ಇದು ನಾ ಕುಡ್ಯೂದು. ಹೆಣ್ಣಮಗಳು ತಿಳಕೋತಾರಂತ ನಿಮಗ ಕೊಟ್ಟೆ.”

ನಾನು ಚಹಾ ಕುಡಿದೆ. ಎದುರಿಗೆ ಆಕೆ ಸ್ಟೀಲಿನ ಲೋಟದಲ್ಲಿ ಕುಡಿದು ಮುಗಿಸಿದಳು. ಕೊನೆಗೆ ಒಳಗೆ ಹೋಗಿ, ಮಗಳ ನೋಟುಪುಸ್ತಕದಿಂದ ಹರಿದ ಒಂದು ಹಾಳೆ ತಂದಿಟ್ಟಳು. ಮುಂದಿನ ಸಭೆಗೆ ತಿದ್ದುಪಡಿಯ ಸೂಚನೆ. ಆಕೆಯದೇ ಅಕ್ಷರ, ಕೆಳಗೆ ಆಕೆಯದೇ ಸಹಿ.

“ನನ್ನ ಮಗ್ಗಾ ನನಗ ಬಂತ್ರಿ. ಆದ್ರ ಆ ದಿನ ಬಾಗಲದಾಗ ನಿಂತ ಹೆಣ್ಣಮಕ್ಕಳು ಇನ್ನೂ ಬಾಗಲದಾಗ ಅದಾರ. ಕೊಂಡಿ ಹಾಕೋರದೂ ಬರೀಬೇಕಲ್ರಿ? ಅವತ್ತ ಕೇಳಿದ್ನಲ್ಲ.”

ಅದನ್ನು ಹಿಡಿದು ಮನೆಗೆ ಬಂದು ಮೂರು ತಿಂಗಳಾದವು, ಅದರ ಕರಡು ಇನ್ನೂ ಮುಗಿದಿಲ್ಲ. ಕೊಂಡಿ ಹಾಕುವವರು ಸದಸ್ಯರಾದರೆ ಮಗ್ಗಕ್ಕೊಬ್ಬ ಸದಸ್ಯನೆಂಬ ಮಾತು ಏನಾಗಬೇಕು? ಲಾಳಿಗೆ ನೂಲಿನ ಕಂಡಿಕೆ ಸುತ್ತಿಕೊಡುವ ಮುದುಕಿಯರು ಎಲ್ಲಿ ಬರುತ್ತಾರೆ? ಮತ ಎಷ್ಟು? ಒಂದಕ್ಕೆ ಉತ್ತರ ಬರೆದರೆ ಇನ್ನೊಂದು ಪ್ರಶ್ನೆ ಬಾಯಿ ತೆರೆಯುತ್ತದೆ. ಪ್ರತಿ ಗುರುವಾರ ಮಧ್ಯಾಹ್ನ ಆ ಹೆಂಗಸರು ನನ್ನ ಪಡಸಾಲೆಯಲ್ಲಿ ಕೂಡುತ್ತಾರೆ, ಮೊಣಕಾಲ ಮೇಲೆ ಹಾಸಿನ ಎಳೆಗಳನ್ನು ಹರಡಿಕೊಂಡು, ಕೈ ನಿಲ್ಲಿಸದೆ ಜಗಳವಾಡುತ್ತಾರೆ. ಮೊನ್ನೆ ಮೈದುನನ ಹೆಂಡತಿ ನನ್ನ ಕರಡಿನ ಎರಡನೆಯ ವಾಕ್ಯವನ್ನು ಒಪ್ಪುವುದಿಲ್ಲವೆಂದು ಎದ್ದು ನಿಂತಳು. ಓದು ಬಾರದ ಒಬ್ಬಳು, “ಇನ್ನೊಮ್ಮಿ ಓದ್ರಿ ಅಕ್ಕೋರ, ನನಗ ಇನ್ನೂ ಸಂಶೆ ಐತಿ,” ಎಂದಳು.

ಆ ವಾಕ್ಯ ಹೊಡೆದುಹಾಕಿದೆ. ಮತ್ತೆ ಮೊದಲಿನಿಂದ ಓದಿದೆ.